ಬ್ಯಾಗ್ ಖಾಲಿ, ಮುಂಡು ಒದ್ದೆ

ಮನೆಯಲ್ಲಿ ಯಾರಿಗಾದರೂ ಕ್ಯಾಥೆಟರ್, ಅಂದರೆ ಮೂತ್ರ ಹೊರಗೆ ಹರಿಯುವ ಪೈಪ್, ಹಾಕಿ ಕಳಿಸಿದ್ದರೆ ಇದನ್ನೊಮ್ಮೆ ಓದಿ.

ಜುಲೈ ತಿಂಗಳು, ಉಡುಪಿಯಲ್ಲಿ ಜಡಿಮಳೆ. ಮಧ್ಯರಾತ್ರಿ ಅಪ್ಪನಿಗೆ ಮೂತ್ರ ಕಟ್ಟಿತು. ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿತ್ತು. ಆಸ್ಪತ್ರೆಯಲ್ಲಿ ಪೈಪ್ ಹಾಕಿದರು, ಹೊಟ್ಟೆ ಇಳಿಯಿತು, ಮರುದಿನ ಮನೆಗೆ ಕಳಿಸಿದರು. ಮಾತ್ರೆಯ ಚೀಟಿ ಕೊಟ್ಟರು. ಪೈಪನ್ನು ನೋಡಿಕೊಳ್ಳುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ ಬಿಡಿ.

ಪೈಪಿನಿಂದ ಬಂದ ಮೂತ್ರ ತುಂಬುವ ಆ ಬ್ಯಾಗ್ ಅಂದರೆ ಅಪ್ಪನಿಗೆ ನಾಚಿಕೆ. ಯಾರಾದರೂ ಬಂದರೆ ಸಾಕು, ಎತ್ತಿ ಮಂಚದ ಮೇಲೆ ಬೈರಾಸಿನ ಅಡಿಗೆ ಇಡುತ್ತಿದ್ದರು. ಬೇಗ ತುಂಬಬಾರದು ಅಂತ ನೀರು ಕುಡಿಯುವುದನ್ನೂ ಕಡಿಮೆ ಮಾಡಿದರು. ಎರಡೂ ತಪ್ಪು. ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೇ ಇರಬೇಕು, ಇಲ್ಲದಿದ್ದರೆ ಹೊರಗೆ ಬಂದದ್ದು ವಾಪಸ್ ಒಳಗೆ ಹೋಗುತ್ತದೆ. ಹಾಗಂತ ನೆಲಕ್ಕೂ ತಾಗಬಾರದು.

ಆರನೇ ದಿನ ಮುಂಡು ಒದ್ದೆ. ಪೈಪಿನ ಪಕ್ಕದಿಂದ ಸೋರುತ್ತಿತ್ತು. "ಹೋಗ್ತಾ ಉಂಟಲ್ಲ ಮಾರಾಯ" ಅಂದರು ಅಪ್ಪ. ನಾನೂ ಸುಮ್ಮನಾದೆ. ಬ್ಯಾಗಿನಲ್ಲಿ ಬೆಳಗ್ಗಿನಿಂದ ಒಂದು ಹನಿಯೂ ಏರಿರಲಿಲ್ಲ, ಅದನ್ನು ನಾನು ನೋಡಲೇ ಇಲ್ಲ. ಸಂಜೆಗೆ ಕೆಳಹೊಟ್ಟೆ ಕಲ್ಲಿನ ಹಾಗೆ. ರಾತ್ರಿ ನಡುಕ ಬಂದು ಮಂಚವೇ ಅಲುಗಾಡಿತು. ಯಾವತ್ತೋ ತೀರಿಹೋದ ಅಜ್ಜಿಯ ಹತ್ತಿರ ಗಂಜಿ ಕೇಳುತ್ತಿದ್ದರು. ನನಗೆ ಕೈಕಾಲು ಬಿದ್ದೇ ಹೋಯಿತು.

ಎಳೆದು ತೆಗೆಯಿರಿ ಅಂದರು ಪಕ್ಕದ ಮನೆಯವರು. ಪುಣ್ಯಕ್ಕೆ ಎಳೆಯಲಿಲ್ಲ. ಒಳಗೆ ಸುಮಾರು 10 ಮಿಲಿ ನೀರು ತುಂಬಿದ ಪುಟ್ಟ ಬಲೂನ್ ಇರುತ್ತದೆ. ಅದನ್ನು ಖಾಲಿ ಮಾಡದೆ ಎಳೆದರೆ ಮೂತ್ರದ ದಾರಿಯೇ ಹರಿಯಬಹುದು.

ಎಮರ್ಜೆನ್ಸಿಯಲ್ಲಿ ನರ್ಸ್ ಹಳೆ ಪೈಪಿನ ತುದಿ ತೋರಿಸಿದರು. ತೂತಿನ ತುಂಬ ಒಡೆದ ಹಾಲಿನಂಥ ಬಿಳಿ ಚೂರು. ಪೈಪ್ ಕಟ್ಟಿತ್ತು, ಇನ್‌ಫೆಕ್ಷನ್ ಏರಿತ್ತು. ಐದು ದಿನ ಡ್ರಿಪ್. ಹೊಸ ಪೈಪನ್ನು ತೊಡೆಗೆ ಟೇಪ್ ಹಾಕಿ ನಿಲ್ಲಿಸಿದರು. ಹಿಂದಿನದಕ್ಕೆ ಅದೂ ಇರಲಿಲ್ಲ, ಮಗ್ಗುಲು ಬದಲಿಸಿದಾಗಲೆಲ್ಲ ಎಳೆದು ಅಪ್ಪ ಮುಲುಗುತ್ತಿದ್ದರು.

ಮೂತ್ರಕೋಶದ ಸೆಳೆತದಿಂದಲೂ ಸ್ವಲ್ಪ ಸೋರುತ್ತದಂತೆ. ಆಗ ಬ್ಯಾಗ್ ತುಂಬುತ್ತಲೇ ಇರುತ್ತದೆ, ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿ. ಸೋರುತ್ತಿದೆ, ಆದರೆ ಬ್ಯಾಗ್ ಖಾಲಿ ಅಂದರೆ ಟ್ಯೂಬ್ ಎಲ್ಲಾದರೂ ಮಡಚಿದೆಯಾ ನೋಡಿ. ಮಡಚಿಲ್ಲವೆಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆಟೋ ಕರೆಯಿರಿ. ಚಳಿಜ್ವರ ಬಂದರೂ ಅಷ್ಟೇ.

ಪೈಪ್ ಒಳಗಿದ್ದಷ್ಟು ದಿನ ಇನ್‌ಫೆಕ್ಷನ್ ಭಯ ಜಾಸ್ತಿ. ಈ ಸಲ ಅದನ್ನು ತೆಗೆಯುವ ತಾರೀಕನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಂಡೇ ಹೊರಗೆ ಬಂದೆ.