ಎಮಿಷನ್ ಪಾಸ್ ಮಾಡಿಸುವ ಬಾಟಲಿ: ಹಳೆ ಮಿಯಾಟಾದಲ್ಲಿ ಎಷ್ಟು ಕೆಲಸ ಮಾಡುತ್ತೆ?

‘ಟ್ಯಾಂಕಿಗೆ ಸುರಿಯಿರಿ, ಟೆಸ್ಟ್ ಪಾಸಾಗಿ’ ಅಂತ ಮಾರುವ ಪೆಟ್ರೋಲ್ ಅಡಿಟಿವ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಪಾಲಿಈಥರ್‌ಅಮೀನ್, ಅಂದರೆ ಪಿಇಎ ಇರುತ್ತೆ. ಇಂಜೆಕ್ಟರ್ ತುದಿಯಲ್ಲಿ, ವಾಲ್ವ್ ಹಿಂಬದಿಯಲ್ಲಿ, ಪಿಸ್ಟನ್ ತಲೆಯ ಮೇಲೆ ಕೂತ ಕಾರ್ಬನ್ ಬಿಡಿಸುವ ಡಿಟರ್ಜೆಂಟ್ ಅದು. ಇನ್ನೊಂದು ಆಲ್ಕೋಹಾಲ್, ಅಸಿಟೋನ್ ಥರದ ದ್ರಾವಕಗಳ ಮಿಶ್ರಣ. ಮುಂದಿನ ಲೇಬಲ್ ಎರಡರದ್ದೂ ಒಂದೇ ಮಾತಾಡುತ್ತೆ, ಹಿಂದಿನ ಸಣ್ಣ ಅಕ್ಷರ ಓದಿದರೆ ಮಾತ್ರ ಗೊತ್ತಾಗೋದು. 1989ರಲ್ಲಿ ಬಂದ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು ಮಜ್ದಾ ಮಿಯಾಟಾದ 1.6 ಲೀಟರ್ ಎಂಜಿನ್ನನ್ನು ಮುಂದಿಟ್ಟುಕೊಂಡು ಅಂಕ ಕೊಡೋದಾದರೆ, ಪಿಇಎ ಬಾಟಲಿಗೆ ಐದಕ್ಕೆ ಮೂರು, ದ್ರಾವಕದ ಬಾಟಲಿಗೆ ಒಂದು. ಆ ಒಂದೂ ಮುಲಾಜಿಗೆ.

ದ್ರಾವಕದ ಬಾಟಲಿ ಯಾಕೆ ಸೋಲುತ್ತೆ ಅಂದರೆ, ಆಲ್ಕೋಹಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುವುದರಿಂದ ಮಿಶ್ರಣ ತುಸು ಲೀನ್ ಆಗುತ್ತೆ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಕಾರ್ಬ್ಯುರೇಟರ್ ಗಾಡಿಯಲ್ಲಿ ಇದರಿಂದ ಸಿಒ (ಕಾರ್ಬನ್ ಮೊನಾಕ್ಸೈಡ್) ನಿಜವಾಗಿಯೂ ಇಳಿಯಬಹುದು. ಮಿಯಾಟಾದ ಎಕ್ಸಾಸ್ಟಿನಲ್ಲಿ ಆಕ್ಸಿಜನ್ ಸೆನ್ಸರ್ ಇದೆ: ಮಿಶ್ರಣ ಲೀನ್ ಅಂತ ಅದು ಹೇಳಿದ ಕೂಡಲೇ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಪೆಟ್ರೋಲ್ ಹೆಚ್ಚಿಸಿ ಸರಿಮಾಡಿಬಿಡುತ್ತೆ. ಸುರಿದದ್ದೆಲ್ಲ ಅಲ್ಲಿಗೆ ಸೊನ್ನೆ. ಮೇಲಾಗಿ ಮೂವತ್ತು ವರ್ಷದ ರಬ್ಬರ್ ಫ್ಯುಯೆಲ್ ಹೋಸುಗಳಿಗೆ ಇಂಥ ದ್ರಾವಕ ಒಳ್ಳೆಯದಲ್ಲ.

ಪಿಇಎ ಬಾಟಲಿಯ ಕೆಲಸ ನಿಧಾನ. 1.6 ಮಿಯಾಟಾದ ಟ್ಯಾಂಕು 45 ಲೀಟರಿನದು, ಒಂದು ಬಾಟಲಿ ಎಷ್ಟು ಲೀಟರಿಗೆ ಅಂತ ಲೇಬಲ್ ನೋಡಿ ಆ ಲೆಕ್ಕದಲ್ಲೇ ಹಾಕಬೇಕು, ಡಬಲ್ ಹಾಕಿದರೆ ಡಬಲ್ ಫಲ ಸಿಗಲ್ಲ. ಮೊದಲು ಬಾಟಲಿ, ಆಮೇಲೆ ಪೆಟ್ರೋಲ್: ಆಗ ತಾನಾಗಿಯೇ ಬೆರೆಯುತ್ತೆ. ಆ ಟ್ಯಾಂಕು ಮುಗಿಯುವವರೆಗೆ ಹೈವೇಯಲ್ಲಿ ಓಡಿಸಿ, ಆಮೇಲೆ ಬರೀ ಪೆಟ್ರೋಲ್ ತುಂಬಿಸಿ ಟೆಸ್ಟಿಗೆ ಹೋಗಿ. ಟೆಸ್ಟಿನ ಬೆಳಿಗ್ಗೆ ಸುರಿಯೋದು ಶುದ್ಧ ದಂಡ. ಬಿಡಿಸಿದ ಕಸದ ಒಂದು ಪಾಲು ಎಂಜಿನ್ ಆಯಿಲ್‌ಗೂ ಇಳಿಯುತ್ತೆ, ಹಾಗಾಗಿ ಟೆಸ್ಟಿಗೆ ಮುಂಚೆ ಆಯಿಲ್ ಬದಲಿಸಿಬಿಡಿ. ಪೆಟ್ರೋಲ್ ಬೆರೆತ ಹಳೆ ಆಯಿಲ್ಲಿನ ಆವಿ ಪಿಸಿವಿ ವಾಲ್ವ್ (ಕ್ರ್ಯಾಂಕ್‌ಕೇಸಿನ ಆವಿ ಎಳೆದುಕೊಳ್ಳುವ ವಾಲ್ವ್) ಮೂಲಕ ಮತ್ತೆ ಇನ್‌ಟೇಕಿಗೇ ಹೋಗಿ ರೀಡಿಂಗ್ ಏರಿಸುತ್ತೆ.

ಈ ಬಾಟಲಿಗೆ ಮೂರೇ ಅಂಕ ಯಾಕೆ? ಅದು ರಿಪೇರಿ ಮಾಡೋದು ಕಾರ್ಬನ್ನನ್ನು ಮಾತ್ರ, ಗಾಡಿ ಫೇಲಾಗುವುದು ಬೇರೆ ಹತ್ತಾರು ಕಾರಣಕ್ಕೆ. ಯಾವುದಕ್ಕೆ ಅನ್ನೋದು ಫೇಲಾದ ಚೀಟಿಯಲ್ಲೇ ಬರೆದಿರುತ್ತೆ. ಬಾಟಲಿ ಕೊಳ್ಳುವ ಮೊದಲು ಅದನ್ನು ಓದಿ.

ಸಿಒ ಜಾಸ್ತಿ, ಆಕ್ಸಿಜನ್ ಕಮ್ಮಿ, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತದ ಅಂಕಿ, 1 ಅಂದರೆ ಸರಿಸಮ) 0.97ಕ್ಕಿಂತ ಕೆಳಗೆ ಇದ್ದರೆ ಮಿಶ್ರಣ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ. ಎಂಜಿನ್ನಿನ ಬಿಸಿ ಅಳೆಯುವ ಕೂಲಂಟ್ ಸೆನ್ಸರಿನಿಂದ ಶುರುಮಾಡಿ. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ 20 ಡಿಗ್ರಿಯಲ್ಲಿ 2.2ರಿಂದ 2.7 ಕಿಲೋಓಮ್, 80 ಡಿಗ್ರಿಯಲ್ಲಿ ಸುಮಾರು 0.3 ಕಿಲೋಓಮ್ ತೋರಿಸಬೇಕು. ಬಿಸಿ ಎಂಜಿನ್ನಿನಲ್ಲೂ ಒಂದು ಕಿಲೋಓಮ್ ಮೇಲೇ ನಿಂತಿದ್ದರೆ ಎಂಜಿನ್ ಇನ್ನೂ ತಣ್ಣಗಿದೆ ಅಂತ ಇಸಿಯು ಪೆಟ್ರೋಲ್ ಸುರಿಯುತ್ತಲೇ ಇರುತ್ತೆ. ಕೂಲಂಟ್ ಹರಿವು ತಡೆದು ಎಂಜಿನ್ ಬಿಸಿಯಾಗಲು ಬಿಡುವ ಥರ್ಮೋಸ್ಟಾಟ್ ತೆರೆದೇ ಉಳಿದರೂ ಅದೇ ಕಥೆ, ಆದರೆ ಆಗ ಸೆನ್ಸರಿನ ತಪ್ಪಿಲ್ಲ. ಜನ ತಪ್ಪಿಸಿಕೊಳ್ಳುವ ಇನ್ನೊಂದು ಜಾಗ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಗ್ಯಾಸ್ಕೆಟ್ಟಿನಲ್ಲೋ ಬಿರುಕಿನಲ್ಲೋ ಲೀಕ್ ಇದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತೆ. ಸೆನ್ಸರ್ ಅದನ್ನು ಲೀನ್ ಅಂತ ಓದುತ್ತೆ, ಇಸಿಯು ಇನ್ನಷ್ಟು ರಿಚ್ ಮಾಡುತ್ತೆ. ಕೋಲ್ಡ್ ಸ್ಟಾರ್ಟ್‌ನಲ್ಲಿ ಟಿಕ್ ಟಿಕ್ ಶಬ್ದ, ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿಯ ಗೆರೆ ಕಂಡರೆ ಮೊದಲು ಅದನ್ನು ಮುಗಿಸಿ. ಆಮೇಲಷ್ಟೇ ಸೆನ್ಸರ್ ಬದಲಿಸುವ ಮಾತು. ಸೆನ್ಸರ್ ಚೆನ್ನಾಗಿದ್ದರೆ 2500 ಆರ್‌ಪಿಎಂನಲ್ಲಿ ವೋಲ್ಟೇಜು 0.1 ಮತ್ತು 0.9ರ ನಡುವೆ ಚುರುಕಾಗಿ ಮೇಲೆ ಕೆಳಗೆ ಆಡುತ್ತಿರುತ್ತೆ. ಮಧ್ಯದಲ್ಲೆಲ್ಲೋ ಸುಸ್ತಾಗಿ ತೇಲುತ್ತಿದ್ದರೆ ಅದರ ಆಯಸ್ಸು ಮುಗಿದಿದೆ.

ಎಚ್‌ಸಿ (ಉರಿಯದ ಪೆಟ್ರೋಲಿನ ಹೈಡ್ರೋಕಾರ್ಬನ್) ಏರಿ, ಸಿಒ ಮಾಮೂಲಿಯಾಗಿ, ಆಕ್ಸಿಜನ್ ಕೂಡ ಜಾಸ್ತಿ ಇದ್ದರೆ ಪೆಟ್ರೋಲ್ ಉರಿಯದೇ ಹೊರಬರುತ್ತಿದೆ. ಮಿಯಾಟಾದಲ್ಲಿ ಮೊದಲ ಅನುಮಾನ ಪ್ಲಗ್ ವೈರುಗಳ ಮೇಲೆ, ಈ ಗಾಡಿಯ ಹಳೆಯ ಕಾಯಿಲೆ ಅದು. ಒಂದು ಮೀಟರ್ ಉದ್ದದ ವೈರಿಗೆ ರೆಸಿಸ್ಟೆನ್ಸ್ ಮಿತಿ 16 ಕಿಲೋಓಮ್. ಅಳತೆ ಸರಿಬಂದರೂ ಹೊರಗವಚ ಸೀಳಿರಬಹುದು, ಆದ್ದರಿಂದ ಕತ್ತಲಲ್ಲಿ ಎಂಜಿನ್ ಓಡಿಸಿ, ವೈರುಗಳ ಮೇಲೆ ಸಣ್ಣಗೆ ನೀರು ಸಿಂಪಡಿಸಿ, ನೀಲಿ ಕಿಡಿ ಹಾರುತ್ತಾ ನೋಡಿ (ಕೈ ದೂರ ಇರಲಿ). ಪ್ಲಗ್ ಗ್ಯಾಪ್ 1.0ರಿಂದ 1.1 ಮಿಲಿಮೀಟರ್. ಆಮೇಲೆ ಏರ್‌ಫ್ಲೋ ಮೀಟರ್ ಮತ್ತು ಥ್ರಾಟಲ್ ನಡುವಿನ ಮಡಿಕೆ ರಬ್ಬರ್ ಹೋಸು: ಬಿಚ್ಚಿ ಕೈಯಲ್ಲಿ ಬಗ್ಗಿಸಿದರೆ ಮಾತ್ರ ಮಡಿಕೆಯ ತಳದ ಸೀಳು ಬಾಯಿ ಬಿಡೋದು. ಅಲ್ಲಿಂದ ನುಗ್ಗುವ ಗಾಳಿ ಏರ್‌ಫ್ಲೋ ಮೀಟರಿನ ಲೆಕ್ಕಕ್ಕೇ ಸಿಗಲ್ಲ, ಮಿಶ್ರಣ ಲೀನ್ ಆಗಿ ಸರಿಯಾಗಿ ಉರಿಯಲ್ಲ.

ನಾಕ್ಸ್ (ನೈಟ್ರೋಜನ್ ಆಕ್ಸೈಡುಗಳು) ಏರಿದ್ದರೆ ಹಿಂದಿನ ಮಾಲೀಕರ ಕೈವಾಡ ಇರುವ ಸಾಧ್ಯತೆ ಜಾಸ್ತಿ. ಪಿಕಪ್ ಬರಲಿ ಅಂತ ಬೇಸ್ ಟೈಮಿಂಗನ್ನು (ಪಿಸ್ಟನ್ ಮೇಲೆ ತಲುಪುವ ಮುಂಚೆ ಕಿಡಿ ಎಷ್ಟು ಬೇಗ ಹಾರಬೇಕು ಅನ್ನೋ ಮೂಲ ಸೆಟ್ಟಿಂಗ್) 14 ಡಿಗ್ರಿಗೆ ಏರಿಸುವ ಚಾಳಿ ಮಿಯಾಟಾ ಮಂದಿಯಲ್ಲಿ ಚೆನ್ನಾಗಿಯೇ ಬೇರೂರಿದೆ. ಕಂಪನಿ ಹೇಳುವುದು 10 ಡಿಗ್ರಿ. ಎಂಜಿನ್ ಬಿಸಿಯಾದ ಮೇಲೆ ಡಯಾಗ್ನೋಸ್ಟಿಕ್ ಬಾಕ್ಸಿನಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಟರ್ಮಿನಲ್‌ಗಳನ್ನು ವೈರಿನಿಂದ ಸೇರಿಸಿ, ಐಡಲ್ 850 ಆರ್‌ಪಿಎಂಗೆ ತನ್ನಿ, ಟೈಮಿಂಗ್ ಲೈಟನ್ನು ಒಂದನೇ ಸಿಲಿಂಡರಿನ ವೈರಿಗೆ ಹಾಕಿ. ಹೆಡ್ಡಿನ ಹಿಂಬದಿಯ ಕ್ಯಾಮ್ ಆಂಗಲ್ ಸೆನ್ಸರಿನ 12ರ ಬೋಲ್ಟು ಸಡಿಲಿಸಿ ಸೆನ್ಸರನ್ನು ಕೂದಲೆಳೆಯಷ್ಟೇ ತಿರುಗಿಸಬೇಕು. ಮುಗಿದ ಮೇಲೆ ಆ ವೈರ್ ತೆಗೆಯೋದು ಮರೀಬೇಡಿ. ಟೈಮಿಂಗ್ ಸರಿಯಿದ್ದೂ ನಾಕ್ಸ್ ಇಳಿಯದಿದ್ದರೆ ಚೇಂಬರಿನಲ್ಲಿ ಕಾರ್ಬನ್ ಕೂತು ಕಂಪ್ರೆಷನ್ ಏರಿರಬಹುದು. ಪಿಇಎ ಬಾಟಲಿ ತನ್ನ ಕಾಸಿಗೆ ನ್ಯಾಯ ಒದಗಿಸುವ ಜಾಗ ಇದೇ.

ಲ್ಯಾಂಬ್ಡಾ 1ರ ಹತ್ತಿರವೇ ಇದ್ದು ಸಿಒ, ಎಚ್‌ಸಿ, ಆಕ್ಸಿಜನ್ ಮೂರೂ ಉಳಿದುಕೊಂಡಿದ್ದರೆ ಎಕ್ಸಾಸ್ಟಿನ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡುತ್ತಿಲ್ಲ. ಒಳಗಿನ ಜೇನುಗೂಡು ಕರಗಿದ್ದರೆ ಯಾವ ಬಾಟಲಿಯೂ ಅದನ್ನು ಬದುಕಿಸಲ್ಲ. ಆದರೆ ಅದು ಬರೀ ತಣ್ಣಗಾಗಿರಲೂಬಹುದು: ಸುಮಾರು 250ರಿಂದ 300 ಡಿಗ್ರಿ ದಾಟಿದ ಮೇಲಷ್ಟೇ ಕನ್ವರ್ಟರ್ ಕೆಲಸಕ್ಕೆ ಇಳಿಯೋದು. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿಸಿ ನೇರ ಟೆಸ್ಟಿಗೆ ಹೋಗಿ, ಸರದಿಯಲ್ಲಿ ಎಂಜಿನ್ ಆಫ್ ಮಾಡಬೇಡಿ. ಆರಂಭದ 1.6ರ ಆಕ್ಸಿಜನ್ ಸೆನ್ಸರಿಗೆ ಹೀಟರ್ ಇಲ್ಲ, ಹೆಚ್ಚು ಹೊತ್ತು ಐಡಲಿನಲ್ಲಿ ನಿಂತರೆ ಅದೂ ತಣ್ಣಗಾಗುತ್ತೆ. ನಿಮ್ಮ ಸರದಿಗೆ ಎರಡು ಮೂರು ನಿಮಿಷ ಮುಂಚೆ 2500 ಆರ್‌ಪಿಎಂನಲ್ಲಿ ಹಿಡಿದು, ಬಿಟ್ಟ ತಕ್ಷಣ ಸೈಲೆನ್ಸರಿಗೆ ಟೆಸ್ಟಿನ ಪ್ರೋಬ್ ಹಾಕಿಸಿ.