ಸದಸ್ಯರ ಸಂಖ್ಯೆಯ ಅಂದಾಜು: ಮೂರು ಗೆರೆಗಳು, ಒಂದು ಪುಸ್ತಕ

ನಮ್ಮ ಪತ್ತಿನ ಸಹಕಾರ ಸಂಘದ ಗೌರವ ಕಾರ್ಯದರ್ಶಿಯಾಗಿ, ಸದಸ್ಯರ ಸಂಖ್ಯೆ ಮುಂದೆ ಎಷ್ಟಾಗಬಹುದೆಂದು ಅಂದಾಜು ಮಾಡಲು ನಾನು ನಾಲ್ಕು ದಾರಿಗಳನ್ನು ಹಿಡಿದು ನೋಡಿದ್ದೇನೆ. ಈಗ ನಾನು ನೆಚ್ಚಿಕೊಂಡಿರುವುದು ಸೇರಿದವರನ್ನೂ ಬಿಟ್ಟವರನ್ನೂ ಬೇರೆಬೇರೆಯಾಗಿ ಎಣಿಸುವ ಪುಸ್ತಕವೊಂದನ್ನೇ. ಮೊದಲ ದಾರಿಯನ್ನು ನಂಬಿ ಅಚ್ಚು ಹಾಕಿಸಿದ ಪಾಸ್‌ಬುಕ್ಕುಗಳ ಕಟ್ಟುಗಳು ಇಂದಿಗೂ ಕಚೇರಿಯ ಬೀರುವಿನಲ್ಲಿ ದಾರ ಬಿಚ್ಚದೆ ಉಳಿದಿವೆ.

ಆ ಮೊದಲ ದಾರಿ, ಹಳೆಯ ಅಂಕಿಗಳ ನಡುವೆ ಎಳೆದು ಮುಂದಕ್ಕೆ ಚಾಚುವ ಎಕ್ಸೆಲ್‌ನ ನೇರ ಗೆರೆ. ಹತ್ತು ವರ್ಷಗಳ ಮಾರ್ಚ್ 31ರ ಸದಸ್ಯರ ಸಂಖ್ಯೆಯನ್ನು ಕೊಟ್ಟಾಗ ಗೆರೆ ಅಂಕಿಗಳಿಗೆ ಎಷ್ಟು ಹೊಂದುತ್ತದೆಂದು ಹೇಳುವ ಆರ್-ಸ್ಕ್ವೇರ್ (ಪೂರ್ತಿ ಹೊಂದಿದರೆ 1) 0.97 ಎಂದು ಬಂದಿತು. ಆಡಳಿತ ಮಂಡಳಿಯ ಸಭೆಯಲ್ಲಿ ಯಾರೂ ಮರುಪ್ರಶ್ನೆ ಕೇಳಲಿಲ್ಲ. ತೊಡಕು ನಾನು ಕೊಟ್ಟ ಸಂಖ್ಯೆಯಲ್ಲಿಯೇ ಇತ್ತು. ನಮ್ಮ ನೋಂದಣಿ ಪುಸ್ತಕದಲ್ಲಿ ಹೊಸಬರ ಹೆಸರು ಸೇರಿದ ದಿನವೇ ಏರುತ್ತದೆ. ತೀರಿಕೊಂಡವರ ಹೆಸರು ಮಾತ್ರ, ವಾರಸುದಾರರು ಷೇರು ಹಣ ಕೇಳಿಕೊಂಡು ಬರುವ ತನಕ ಹಾಗೆಯೇ ಇರುತ್ತದೆ. ಹೀಗೆ ಕೂಡುತ್ತಲೇ ಹೋಗುವ ಮೊತ್ತಕ್ಕೆ ಏರುವ ಗೆರೆ ಸಲೀಸಾಗಿ ಹೊಂದಿಕೊಳ್ಳುತ್ತದೆ, ಏಕೆಂದರೆ ಪ್ರತಿ ವರ್ಷದ ಮೊತ್ತದೊಳಗೆ ಹಿಂದಿನ ವರ್ಷದ್ದು ಇಡಿಯಾಗಿ ಸೇರಿರುತ್ತದೆ. ಒಂದೊಂದು ವರ್ಷದ ಹೆಚ್ಚಳವನ್ನು ಬಿಡಿಸಿ ನೋಡಿದಾಗ ನಿಜ ಸಂಗತಿ ಕಂಡಿತು: ಐದು ವರ್ಷಕ್ಕೊಮ್ಮೆ ಬರುವ ಮಂಡಳಿಯ ಚುನಾವಣೆಗೆ ಮುನ್ನ, ಸ್ಪರ್ಧಿಸುವವರು ತಮ್ಮ ಕಡೆಯವರನ್ನು ಕರೆತಂದು ಷೇರು ಕೊಡಿಸಿದ ಎರಡು ವರ್ಷಗಳಲ್ಲಿ ಸಂಖ್ಯೆ ಜಿಗಿದಿತ್ತು, ಮಿಕ್ಕ ವರ್ಷಗಳ ಹೆಚ್ಚಳ ಅದರ ಕಾಲು ಭಾಗದಷ್ಟೇ ಇತ್ತು.

ಮಹಾಸಭೆಯ ನೋಟಿಸುಗಳು ಹಿಂದಿರುಗಿ ಬಂದಾಗ ಉಳಿದದ್ದೂ ತಿಳಿಯಿತು. ಒಂದು ಲಕೋಟೆಯ ಮೇಲೆ ಅಂಚೆಯವರು ಕೆಂಪು ಶಾಯಿಯಲ್ಲಿ ‘ವಿಳಾಸದಾರರು ಮೃತಪಟ್ಟಿದ್ದಾರೆ’ ಎಂದು ಬರೆದಿದ್ದರು. ಅದು ನನಗೆ ಲೆಡ್ಜರ್ ಬರೆಯಲು ಕಲಿಸಿದ ಹಿರಿಯರ ಹೆಸರಿನದು. ಅವರ ಅಂತ್ಯಕ್ರಿಯೆಗೆ ಹೋಗಿಬಂದಿದ್ದ ನಾನೇ ಅವರನ್ನು ಸದಸ್ಯರ ಲೆಕ್ಕದಲ್ಲಿ ಹಿಡಿದಿದ್ದೆನೆಂಬುದು ಈಗಲೂ ನೋಯಿಸುತ್ತದೆ.

ಎರಡನೆಯದು ಎಕ್ಸೆಲ್‌ನದೇ ಫೋರ್‌ಕಾಸ್ಟ್ ಶೀಟ್. ಅದು ಇತ್ತೀಚಿನ ವರ್ಷಗಳಿಗೆ ಹೆಚ್ಚು ತೂಕ ಕೊಡುತ್ತದೆ. ನಮ್ಮ ಕೊನೆಯ ವರ್ಷ ಚುನಾವಣೆಯದಾಗಿದ್ದರಿಂದ ಅಂದಾಜು ಇನ್ನೂ ಮೇಲಕ್ಕೆ ಹೋಯಿತು.

ಮೂರನೆಯದು, ಬೆಳವಣಿಗೆಗೆ ಮೇಲ್ಮಿತಿಯನ್ನು ಒಪ್ಪಿಕೊಳ್ಳುವ, ಬೆಲ್ಜಿಯಂನ ಗಣಿತಜ್ಞ ವೆರ್‌ಹುಲ್ಸ್ಟ್ 1838ರಲ್ಲಿ ಮುಂದಿಟ್ಟ ಲಾಜಿಸ್ಟಿಕ್ ವಕ್ರರೇಖೆ. ಅದರ ತತ್ವವನ್ನು ನಾನು ಗೌರವಿಸುತ್ತೇನೆ. ಆದರೆ ಮೇಲ್ಮಿತಿಯನ್ನು ಹಳೆಯ ಅಂಕಿಗಳಿಂದಲೇ ಹೆಕ್ಕಲು ಹೊರಟರೆ ಅದು ಕೈಗೆ ನಿಲ್ಲುವುದಿಲ್ಲ: ಒಂದೇ ಒಂದು ವರ್ಷದ ಅಂಕಿಯನ್ನು ತೆಗೆದಾಗ ನಮ್ಮ ಸಂಘದ ಮೇಲ್ಮಿತಿ 1,900ರಿಂದ 3,400ಕ್ಕೆ ಹಾರಿತು. 1920ರಲ್ಲಿ ಪರ್ಲ್ ಮತ್ತು ರೀಡ್ ಎಂಬ ಅಮೆರಿಕದ ಸಂಶೋಧಕರು ಇದೇ ರೇಖೆಯಿಂದ ಅಮೆರಿಕದ ಜನಸಂಖ್ಯೆಗೆ ಸುಮಾರು 19.7 ಕೋಟಿಯ ಮಿತಿ ಹಾಕಿದ್ದರು. 1967ರಲ್ಲಿ ಆ ದೇಶ 20 ಕೋಟಿಯನ್ನು ಮುಟ್ಟಿತು.

ನಾಲ್ಕನೆಯದಾದ ಪುಸ್ತಕದ ದಾರಿಗೆ ವರ್ಷಕ್ಕೆ ಎರಡು ಭಾನುವಾರ ಬೇಕು, ಹಣ ಬೇಕಿಲ್ಲ. ಸೇರಿದವರು, ರಾಜೀನಾಮೆ ಕೊಟ್ಟವರು, ತೀರಿಕೊಂಡವರು, ಎರಡು ವರ್ಷದಿಂದ ಯಾವ ವ್ಯವಹಾರವನ್ನೂ ಮಾಡದವರು ಎಂದು ನಾಲ್ಕು ಕಲಂ ಹಾಕಿದ್ದೇನೆ. ಚುನಾವಣೆಯ ವರ್ಷವನ್ನು ಸರಾಸರಿಗೆ ಸೇರಿಸುವುದಿಲ್ಲ. ಇದರಿಂದ ಎರಡು ವರ್ಷಕ್ಕಿಂತ ಆಚೆಗೆ ನೋಡಲಾಗದು ಎಂಬ ಕೊರತೆ ನಿಜ. ಐದು ವರ್ಷಕ್ಕೆ ಕಟ್ಟಡ ಕಟ್ಟುವ ಸಂಘಗಳಿಗೆ ಇದು ಸಾಲದು. ವರ್ಷದಿಂದ ವರ್ಷಕ್ಕೆ ಬಜೆಟ್ ಮಾಡುವ ನಮಗೆ ಸಾಕು. ಈ ಸಲದ ಲೆಕ್ಕದ ಪ್ರಕಾರ ಬೀರುವಿನ ಒಂದು ಕಟ್ಟಿನ ದಾರ ಬಿಚ್ಚಿದರೆ ಮುಂದಿನ ಮಾರ್ಚ್‌ವರೆಗೆ ಬಂದೀತು.