ಕೋಲಾರದ ಕೆಂಪು: ಗೋಲ್ಡ್ ರೀಲು, ಫೀನಿಕ್ಸ್ ರೀಲು

ಹೊಸ ಕಲರ್ ಫಿಲ್ಮ್ ರೀಲನ್ನು ಒಂಟಿಯಾಗಿ ಕ್ಯಾಮೆರಾಗೆ ಹಾಕಿ ಅದರ ಗುಣದೋಷ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಪಕ್ಕದಲ್ಲಿ ಪಳಗಿದ ರೀಲೊಂದು ಇದ್ದರೆ ಮಾತ್ರ ಹೊಸದರ ಸ್ವಭಾವ ತಿಳಿಯುತ್ತದೆ. ಆದ್ದರಿಂದ ಹಾರ್ಮನ್ ಫೀನಿಕ್ಸ್ 200 ಸಿಕ್ಕಾಗ, ವರ್ಷಗಳಿಂದ ಬಳಸುತ್ತಿರುವ ಕೊಡಕ್ ಗೋಲ್ಡ್ 200 ಅನ್ನೂ ಜೊತೆಗಿಟ್ಟುಕೊಂಡೆ. ನನ್ನದೊಂದು ನಿಕಾನ್ ಎಫ್‌ಎಂ10, ಗೆಳೆಯನದೊಂದು. ಒಂದೇ 50 ಎಂಎಂ ಲೆನ್ಸನ್ನು ಎರಡಕ್ಕೂ ಬದಲಿಸುತ್ತಾ, ಅದೇ ಬೆಳಕಿನಲ್ಲಿ ಅದೇ ದೃಶ್ಯ ತೆಗೆದೆವು.

ಹಾರ್ಮನ್ ಎಂದರೆ ಇಲ್‌ಫರ್ಡ್ ಕಪ್ಪು-ಬಿಳುಪು ರೀಲುಗಳನ್ನು ತಯಾರಿಸುವ ಇಂಗ್ಲೆಂಡಿನ ಕಂಪನಿ. ಅವರ ಮೊದಲ ಕಲರ್ ನೆಗೆಟಿವ್ ರೀಲು ಫೀನಿಕ್ಸ್. 2023ರ ಡಿಸೆಂಬರಿನಲ್ಲಿ ಬಂತು. 2025ರಲ್ಲಿ ಎರಡನೆಯ ಆವೃತ್ತಿಯೂ ಬಂದಿದೆ, ನಾನು ಬರೆಯುತ್ತಿರುವುದು ಮೊದಲನೆಯದರ ಬಗ್ಗೆ. ಗೋಲ್ಡ್‌ನಂತೆ ಇದನ್ನೂ ಕಲರ್ ನೆಗೆಟಿವ್ ರೀಲುಗಳಿಗೆ ಸಾಮಾನ್ಯವಾಗಿ ಬಳಸುವ ಸಿ-41 ರಾಸಾಯನಿಕದಲ್ಲಿಯೇ ತೊಳೆಸಬಹುದು.

ಬಣ್ಣದ ಪರೀಕ್ಷೆಗೆ ಕೋಲಾರದ ಎಪಿಎಂಸಿ ಟೊಮೆಟೊ ಮಾರುಕಟ್ಟೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಕೆಂಪು ಅಂದರೆ ಅಲ್ಲಿ ಒಂದೇ ಕೆಂಪಲ್ಲ. ಪೂರ್ತಿ ಹಣ್ಣಾದದ್ದು, ಕಿತ್ತಳೆಗೆ ತಿರುಗಿದ್ದು, ತೊಟ್ಟಿನ ಬಳಿ ಇನ್ನೂ ಹಸಿರುಳಿದ ದೋರೆಗಾಯಿ ಎಲ್ಲವೂ ಒಂದರ ಪಕ್ಕ ಒಂದು ಕ್ರೇಟಿನಲ್ಲಿ ಕುಳಿತಿರುತ್ತವೆ. ದೂರದ ಊರಿಗೆ ಹೋಗುವ ಲೋಡಿಗೆ ಯಾವುದು, ಇಲ್ಲಿಯೇ ಬೇಗ ಮಾರಬೇಕಾದದ್ದು ಯಾವುದು ಎಂದು ಮಂಡಿಯವರು ಈ ಬಣ್ಣ ನೋಡಿಯೇ ಹೇಳುತ್ತಾರೆ. ಗೋಲ್ಡ್ ಈ ಹಂತಗಳನ್ನೆಲ್ಲ ಬಿಡಿಬಿಡಿಯಾಗಿ ಉಳಿಸಿಕೊಂಡಿತು. ಸ್ವಲ್ಪ ಹಳದಿ ಬೆರೆಸುತ್ತದೆ, ನಿಜ. ಆದರೆ ಬೆಳಗಿನ ಬಿಸಿಲಿಗೆ ಅದು ಒಗ್ಗುತ್ತದೆ. ಫೀನಿಕ್ಸ್‌ನಲ್ಲಿ ಹಣ್ಣು, ಅರೆಹಣ್ಣು ಎರಡೂ ಒಂದೇ ಗಾಢ ಕೆಂಪಾಗಿ ಕೂಡಿಕೊಂಡವು. ನೋಡಲು ಬಲವಾದ ಚಿತ್ರ. ಟೊಮೆಟೊ ಬಲ್ಲವರಿಗೆ ಮಾತ್ರ ಅದು ಸಾಲದು.

ಮುಖಗಳ ವಿಷಯದಲ್ಲಿ ನನ್ನ ತೀರ್ಮಾನ ಇನ್ನೂ ಖಚಿತ. ಶೆಡ್ಡಿನ ನೆರಳಿನಲ್ಲಿ ಕ್ರೇಟು ಜೋಡಿಸುತ್ತಿದ್ದ ಹಮಾಲರ ಕಣ್ಣು, ಕೆನ್ನೆಯ ಗೆರೆ, ತಲೆಗೆ ಸುತ್ತಿದ ವಸ್ತ್ರದ ಮಡಿಕೆ ಗೋಲ್ಡ್‌ನಲ್ಲಿ ಸ್ಪಷ್ಟವಾಗಿವೆ. ಫೀನಿಕ್ಸ್‌ನ ಕಾಂಟ್ರಾಸ್ಟ್, ಅಂದರೆ ಬೆಳಕು-ನೆರಳಿನ ಅಂತರ, ತೀರಾ ಹೆಚ್ಚು. ರೀಲು ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಎಂದು ಹೇಳುವ, ಡಬ್ಬಿಯ ಮೇಲಿನ 200ಕ್ಕೇ ಕ್ಯಾಮೆರಾದ ಬೆಳಕಿನ ಮೀಟರ್ ಇಟ್ಟ ಫ್ರೇಮುಗಳಲ್ಲಿ ಕಣ್ಣುಗುಳಿಗಳು ಕಪ್ಪಾಗಿ ಮುಚ್ಚಿಹೋದವು. ಡಯಲನ್ನು 125ಕ್ಕೆ ತಿರುಗಿಸಿ ಹೆಚ್ಚು ಬೆಳಕು ಕೊಟ್ಟ ಮೇಲೆ ನೆರಳು ತೆರೆಯಿತು, ಆದರೆ ಹಿಂದಿದ್ದ ಬಿಸಿಲು ಬೆಳ್ಳಗೆ ಹರಿದುಹೋಯಿತು. ಗೋಲ್ಡ್‌ಗೆ ಎರಡು ಸ್ಟಾಪ್ ಹೆಚ್ಚು, ಅಂದರೆ ನಾಲ್ಕು ಪಟ್ಟು ಬೆಳಕು ಕೊಟ್ಟರೂ ತಾಳಿಕೊಳ್ಳುತ್ತದೆ. ನಮ್ಮ ಜನರ ಮೈಬಣ್ಣ ತೆಗೆಯಲು ಹೊರಟವರಿಗೆ ಈ ತಾಳಿಕೆ ಬೇಕೇ ಬೇಕು.

ಸೋಮೇಶ್ವರ ದೇವಸ್ಥಾನದ ಕಲ್ಯಾಣಮಂಟಪದಲ್ಲಿ ಕಂಬದ ಕೆತ್ತನೆಗಳಿಗೂ ಇದೇ ಫಲಿತಾಂಶ.

ಹಾಗಾದರೆ ಫೀನಿಕ್ಸ್ ಯಾಕೆ? ದೀಪಗಳಿಗಾಗಿ! ಬೆಳಕು ಹರಿಯುವ ಮುನ್ನ ಲಾರಿಗಳು ನಿಂತಿದ್ದ ಕಡೆ ಟ್ರೈಪಾಡ್ ಇಟ್ಟು ತೆಗೆದ ಚಿತ್ರಗಳಲ್ಲಿ ಪ್ರತಿ ಬಲ್ಬಿನ ಸುತ್ತಲೂ ಕೆಂಪು-ಕಿತ್ತಳೆ ಪ್ರಭೆ ಹಬ್ಬಿದೆ. ತೀಕ್ಷ್ಣ ಬೆಳಕು ರೀಲಿನ ಎಮಲ್ಷನ್ (ಬೆಳಕನ್ನು ಗ್ರಹಿಸುವ ಲೇಪನ) ದಾಟಿ, ಹಿಂಬದಿಯ ಪ್ಲಾಸ್ಟಿಕ್ಕಿಗೆ ತಾಗಿ, ಮತ್ತೆ ಒಳಕ್ಕೆ ಪ್ರತಿಫಲಿಸುವುದರಿಂದ ಹೀಗಾಗುತ್ತದೆ. ಕೆಂಪನ್ನು ಗ್ರಹಿಸುವ ಪದರ ಎಲ್ಲಕ್ಕಿಂತ ಕೆಳಗಿರುವುದರಿಂದ ಮೊದಲ ಪೆಟ್ಟು ಅದಕ್ಕೇ. ಗೋಲ್ಡ್‌ನಲ್ಲಿ ಇದನ್ನು ತಡೆಯುವ ಪದರವಿದೆ. ಅದೇ ಲಾರಿಗಳ ಚಿತ್ರ ಅದರಲ್ಲಿ ಅಚ್ಚುಕಟ್ಟಾಗಿದೆ, ಅಷ್ಟೇ. ಅಂತರಗಂಗೆ ಬೆಟ್ಟದ ಬಂಡೆಗಳ ಅಂಚಿನಲ್ಲಿ ಸಂಜೆ ಬಿಸಿಲು ಕೂತಾಗಲೂ ಫೀನಿಕ್ಸ್‌ನದೇ ಮೇಲುಗೈ. ಅದರ ದಪ್ಪ ಗ್ರೇನ್ (ಚಿತ್ರದಲ್ಲಿ ಕಾಣುವ ಕಣಗಳು) ಕಲ್ಲಿನ ಮೈಗೆ ಹೊಂದಿಕೊಂಡು, ಕೈಯಿಂದ ಸವರಬಹುದು ಎನ್ನಿಸುವಷ್ಟು ಒರಟು ಬಂದಿದೆ. ಆ ಚಿತ್ರಗಳು ನನಗೆ ಬಹಳ ಇಷ್ಟ.

ಸ್ಕ್ಯಾನಿನ ವಿಷಯ ತಿಳಿಯದೆ ಫೀನಿಕ್ಸ್ ಕೊಳ್ಳಬಾರದು. ಗೋಲ್ಡ್‌ನ ನೆಗೆಟಿವ್ ಹಿಡಿದು ನೋಡಿದರೆ ಕಿತ್ತಳೆ ಬಣ್ಣದ ತಳ ಕಾಣುತ್ತದೆ. ಅದು ಮಾಸ್ಕ್, ಬಣ್ಣದ ಡೈಗಳು ತಮಗೆ ಸಂಬಂಧಿಸದ ಬೆಳಕನ್ನೂ ಒಂದಿಷ್ಟು ಹೀರಿಕೊಳ್ಳುವ ದೋಷವನ್ನು ಸರಿದೂಗಿಸಲೆಂದೇ ಇರುವುದು. ಲ್ಯಾಬಿನ ಯಂತ್ರಗಳು ಈ ಕಿತ್ತಳೆಯನ್ನು ನಂಬಿಯೇ ಬಣ್ಣ ತಿದ್ದುತ್ತವೆ. ಫೀನಿಕ್ಸ್‌ಗೆ ಆ ಮಾಸ್ಕ್ ಇಲ್ಲ, ತಳ ತಿಳಿ ನೇರಳೆ. ಬೆಂಗಳೂರಿನ ಒಂದು ಲ್ಯಾಬಿನಿಂದ ಬಂದ ಸ್ಕ್ಯಾನುಗಳಲ್ಲಿ ಆಕಾಶ ಪಾಚಿಯ ಬಣ್ಣಕ್ಕೆ ತಿರುಗಿತ್ತು. ಅದೇ ನೆಗೆಟಿವನ್ನು ಲೈಟ್ ಟೇಬಲ್ ಮೇಲಿಟ್ಟು, ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದು, ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ ತಿದ್ದಿದಾಗ ನೀಲಿ ಮರಳಿ ಬಂತು. ಅಂದರೆ ರೀಲಿನ ಮೇಲೆ ಹೊರಿಸಬಹುದಾಗಿದ್ದ ದೋಷದಲ್ಲಿ ಬಹುಪಾಲು ಸ್ಕ್ಯಾನಿನದು.

ಮಾರುಕಟ್ಟೆ, ಮದುವೆ, ಮನೆಮಂದಿ ಇವಕ್ಕೆ ನನ್ನ ಆಯ್ಕೆ ಗೋಲ್ಡ್. ಬೆಟ್ಟಕ್ಕೆ, ರಾತ್ರಿಯ ಪೇಟೆಗೆ ಫೀನಿಕ್ಸ್, 125ರಲ್ಲಿ. ತೊಳೆಸಲು ಕೊಡುವಾಗ ಮಾಸ್ಕ್ ಇಲ್ಲದ ರೀಲು ಎಂದು ಡಬ್ಬಿಯ ಮೇಲೆಯೇ ಬರೆದುಕೊಡಿ, ನೆಗೆಟಿವ್‌ಗಳನ್ನು ತಪ್ಪದೆ ವಾಪಸು ಕೇಳಿ ಪಡೆಯಿರಿ.